ಒಳ್ಳೆಯ ಉದ್ದೇಶದ ಒಂಟಿ ಯಾನ: ಸಿದ್ಧತೆಯೇ ಮೊದಲ ಸೇವೆ

ಒಂದು ಒಳ್ಳೆಯ ಕೆಲಸಕ್ಕಾಗಿ ಯಾರಾದರೂ ಒಬ್ಬಂಟಿಯಾಗಿ ದೂರದ ಪ್ರಯಾಣ ಹೊರಟರೆ ನಮ್ಮ ಮನಸ್ಸು ಕರಗುತ್ತದೆ. ಬಡಮಕ್ಕಳ ಶಿಕ್ಷಣಕ್ಕೆಂದು ಒಬ್ಬರು ಸೈಕಲ್ ಏರುತ್ತಾರೆ. ರೋಗಿಗಳ ಚಿಕಿತ್ಸೆಗೆಂದು ಇನ್ನೊಬ್ಬರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮತ್ತೊಬ್ಬರು ಪುಟ್ಟ ದೋಣಿಯಲ್ಲಿ ಸಮುದ್ರಕ್ಕೆ ಇಳಿಯುತ್ತಾರೆ. ನಾವು ಹಾರ ಹಾಕುತ್ತೇವೆ, ದುಆ ಮಾಡುತ್ತೇವೆ, ಕೈಲಾದಷ್ಟು ಹಣ ಕೊಡುತ್ತೇವೆ, ಫೋಟೋ ಹಂಚಿಕೊಳ್ಳುತ್ತೇವೆ. ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ನಿಮ್ಮ ದೇಹ ಇದಕ್ಕೆ ಸಿದ್ಧವಾಗಿದೆಯೇ? ಎಷ್ಟು ತಿಂಗಳಿಂದ ತಯಾರಿ ನಡೆಸಿದ್ದೀರಿ? ಹಾಗೆ ಕೇಳಿದರೆ ಹೊರಟವರಿಗೆ ಅಪಶಕುನ ನುಡಿದಂತಾಗುತ್ತದೆ ಎಂಬ ಸಂಕೋಚ ನಮಗೆ.

ಈ ಸಂಕೋಚವನ್ನು ಬಿಡಬೇಕು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಬಿಸಿಲು ಕಡಿಮೆಯಾಗುವುದಿಲ್ಲ, ಅಲೆ ತಗ್ಗುವುದಿಲ್ಲ, ಭುಜದ ಕೀಲು ಗಟ್ಟಿಯಾಗುವುದಿಲ್ಲ. ಸ್ವಂತ ಸಂತೋಷಕ್ಕೆ ಹೊರಡುವವನಿಗಿಂತ, ಇತರರ ಹೆಸರಿನಲ್ಲಿ ಹೊರಡುವವನ ಮೇಲೆ ಸಿದ್ಧತೆಯ ಹೊಣೆ ಹೆಚ್ಚು. ಇದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಬ್ಬ ಯುನಾನಿ ವೈದ್ಯನಾಗಿ ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಕಯಾಕ್ ಯಾನವನ್ನು ಆರಿಸಿಕೊಂಡಿದ್ದೇನೆ. ಏಕೆಂದರೆ ಸಿದ್ಧತೆಯ ಕೊರತೆಯನ್ನು ನೆಲ ಕೆಲವೊಮ್ಮೆ ಕ್ಷಮಿಸುತ್ತದೆ. ನೀರು ಹಾಗಲ್ಲ.

ನಮ್ಮ ಕರಾವಳಿಯ ಬದಿಯಲ್ಲೇ ನಡೆದ ಯಾನ

ಕಯಾಕ್ ಎಂದರೆ ಉದ್ದವಾದ, ಕಿರಿದಾದ, ಮೇಲ್ಭಾಗ ಮುಚ್ಚಿದ ಹಗುರ ದೋಣಿ. ಒಬ್ಬರು ಕಾಲು ಚಾಚಿ ಕುಳಿತುಕೊಳ್ಳುವಷ್ಟೇ ಜಾಗ. ಕೈಯಲ್ಲಿ ಎರಡೂ ತುದಿಗೆ ಅಲಗು ಇರುವ ಹುಟ್ಟು. ಉತ್ತರ ಧ್ರುವದ ಬಳಿಯ ಇನ್ಯೂಟ್ ಜನರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗೆಂದು ಕಟ್ಟುತ್ತಿದ್ದ ದೋಣಿ ಇದು. ಈಗ ಫೈಬರಿನಲ್ಲೂ ಪ್ಲಾಸ್ಟಿಕ್ಕಿನಲ್ಲೂ ತಯಾರಾಗುತ್ತದೆ. ಎಂಜಿನ್ ಇಲ್ಲ. ಕುಳಿತವರ ದೇಹವೇ ಎಂಜಿನ್.

ಮುಂಬೈಯ ಕೌಸ್ತುಭ್ ಖಾಡೆ ದಿಲ್ಲಿಯ ಐಐಟಿಯಲ್ಲಿ ಓದಿದವರು. 2015ರ ಆರಂಭದಲ್ಲಿ ಅವರು ಮುಂಬೈಯಿಂದ ಗೋವಾದವರೆಗೆ, ಸುಮಾರು 400 ಕಿ.ಮೀ. ದೂರವನ್ನು, 17 ದಿನಗಳಲ್ಲಿ ಒಬ್ಬರೇ ಕಯಾಕ್‌ನಲ್ಲಿ ಕ್ರಮಿಸಿದರು. ಆಟದ ಮೂಲಕ ಬಡಮಕ್ಕಳ ಜೊತೆ ಕೆಲಸ ಮಾಡುವ ಮ್ಯಾಜಿಕ್ ಬಸ್ ಸಂಸ್ಥೆಗೆ ನೆರವು ಸಂಗ್ರಹಿಸುವುದು ಆ ಯಾನದ ಉದ್ದೇಶವಾಗಿತ್ತು. ಅದಾದ ಬಳಿಕ, 2016ರ ಕೊನೆಯಿಂದ 2017ರ ಆರಂಭದವರೆಗೆ, ಗುಜರಾತಿನ ದ್ವಾರಕೆಯಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸುಮಾರು 3,000 ಕಿ.ಮೀ. ಹುಟ್ಟು ಹಾಕಿದರು. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯೂ ಆ ದಾರಿಯಲ್ಲೇ ಬರುತ್ತದೆ. ನೀರಿನಲ್ಲಿ ಅವರು ಒಬ್ಬರೇ. ದಡದಲ್ಲಿ ಶಾಂಜಲಿ ಶಾಹಿ ಎಂಬವರು ಸೈಕಲ್‌ನಲ್ಲಿ ಅದೇ ದಾರಿಯನ್ನು ಕ್ರಮಿಸುತ್ತಾ ಬೆಂಬಲಕ್ಕಿದ್ದರು. ನಮ್ಮ ದೇಶದ ನೀರಿನಲ್ಲಿ, ನಮ್ಮ ಬಿಸಿಲಿನಲ್ಲಿ ಇದು ಸಾಧ್ಯ ಎಂಬುದಕ್ಕೆ ಈ ಯಾನವೇ ಸಾಕ್ಷಿ.

ಈಗ ಲೆಕ್ಕ ನೋಡೋಣ. ಸಾಮಾನು ತುಂಬಿದ ಕಯಾಕ್ ಗಂಟೆಗೆ 5–6 ಕಿ.ಮೀ. ಸಾಗುತ್ತದೆ. ದಿನಕ್ಕೆ 30–35 ಕಿ.ಮೀ. ಸಾಗಬೇಕಾದರೆ ಆರು ಗಂಟೆ ಹುಟ್ಟು ಹಾಕಬೇಕು. ನಿಮಿಷಕ್ಕೆ 50 ಸಲ ಎಂದಿಟ್ಟುಕೊಂಡರೂ ದಿನಕ್ಕೆ 18 ಸಾವಿರ ಸಲ ಅದೇ ಭುಜ, ಅದೇ ಮಣಿಕಟ್ಟು, ಅದೇ ಬೆನ್ನು ತಿರುಗಬೇಕು. ಮರುದಿನ ಮತ್ತೆ 18 ಸಾವಿರ. ಹೀಗೆ ವಾರಗಟ್ಟಲೆ. ಇದು ಬರೇ ಧೈರ್ಯದಿಂದ ಆಗುವ ಕೆಲಸವಲ್ಲ.

ಹಳೆಯ ಹಕೀಮರು ಹೇಳಿದ್ದು

ಪ್ರಯಾಣಕ್ಕೆ ದೇಹವನ್ನು ಅಣಿಗೊಳಿಸುವುದು ಯುನಾನಿ ವೈದ್ಯಕ್ಕೆ ಹೊಸ ವಿಷಯವಲ್ಲ. ಒಂಬತ್ತನೆಯ ಶತಮಾನದಲ್ಲಿ ಬಅಲಬಕ್ಕಿನ ಕ್ರೈಸ್ತ ವೈದ್ಯ ಕುಸ್ತಾ ಇಬ್ನ್ ಲೂಕಾ ಅವರು ಹಜ್ಜ್ ಯಾತ್ರೆಗೆ ಹೊರಟವರೊಬ್ಬರಿಗಾಗಿ ಒಂದು ಕಿರುಗ್ರಂಥವನ್ನೇ ಬರೆದುಕೊಟ್ಟರು. ದಾರಿಯಲ್ಲಿ ಏನು ತಿನ್ನಬೇಕು, ಎಂತಹ ನೀರು ಕುಡಿಯಬೇಕು, ಬಿಸಿಗಾಳಿಯಿಂದ ಕಿವಿಯನ್ನು ಹೇಗೆ ಕಾಪಾಡಬೇಕು, ದಣಿದ ಕಾಲನ್ನು ಹೇಗೆ ನೀವಬೇಕು, ನಾರುಹುಣ್ಣಿನಿಂದ ಹೇಗೆ ಪಾರಾಗಬೇಕು ಎಂಬ ವಿಷಯಗಳೆಲ್ಲ ಅದರಲ್ಲಿವೆ. ಯಾತ್ರೆ ಪವಿತ್ರವಾದುದು, ಆದ್ದರಿಂದ ದೇಹದ ಚಿಂತೆ ಬೇಡ ಎಂದು ಆ ವೈದ್ಯರು ಹೇಳಲಿಲ್ಲ. ಯಾತ್ರೆ ದೊಡ್ಡದು, ಆದ್ದರಿಂದಲೇ ಅದಕ್ಕೆ ಪ್ರತ್ಯೇಕ ಸಿದ್ಧತೆ ಬೇಕು ಎಂದುಕೊಂಡರು.

ಇಬ್ನ್ ಸೀನಾ ಅವರ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದ ಮೊದಲ ಸಂಪುಟದಲ್ಲೂ ಪ್ರಯಾಣಿಕರ ಪಥ್ಯಕ್ಕೆ ಪ್ರತ್ಯೇಕ ಭಾಗವಿದೆ. ದಾರಿಯಲ್ಲಿ ಎದುರಾಗಲಿರುವ ಕಷ್ಟಗಳಿಗೆ ಹೊರಡುವ ಮೊದಲೇ ದೇಹವನ್ನು ಸ್ವಲ್ಪಸ್ವಲ್ಪವಾಗಿ ಒಗ್ಗಿಸಿಕೊಳ್ಳಬೇಕು ಎಂಬುದು ಅದರ ಸಾರ. ಇಂದಿನ ಕ್ರೀಡಾ ತರಬೇತುದಾರರು ಹೇಳುವುದೂ ಇದನ್ನೇ. 'ಅಸ್ಬಾಬ್-ಎ-ಸಿತ್ತಾ ಝರೂರಿಯ್ಯ', ಅಂದರೆ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳು ಎಂದು ನಾವು ಕಾಲೇಜಿನಲ್ಲಿ ಮೊದಲ ವರ್ಷವೇ ಓದುತ್ತೇವೆ: ಹವೆ, ಆಹಾರ-ಪಾನೀಯ, ದೇಹದ ಶ್ರಮ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ಶಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಮತ್ತು ಹೊರಹೋಗಬೇಕಾದುದು. ಕಯಾಕ್ ಯಾನದ ಸಿದ್ಧತೆಗೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಕಾಣುವುದಿಲ್ಲ. ಒಂದೊಂದಾಗಿ ನೋಡೋಣ.

ಹವೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದು ಮೀನಿನ ಸಂತಾನವೃದ್ಧಿಯ ಕಾಲ ಮಾತ್ರವಲ್ಲ, ಕಡಲು ಕೆರಳುವ ಕಾಲವೂ ಹೌದು. ದೊಡ್ಡ ದೋಣಿಗಳೇ ದಕ್ಕೆಯಲ್ಲಿ ನಿಲ್ಲುವಾಗ ಕಯಾಕ್‌ನ ಮಾತೇ ಇಲ್ಲ. ಈ ಯಾನಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳೇ ಸೂಕ್ತ. ಆಗಲೂ ದಿನದ ಗಾಳಿಯ ಲೆಕ್ಕ ತಿಳಿದಿರಬೇಕು. ಬೆಳಗ್ಗೆ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ, ಮಧ್ಯಾಹ್ನದ ಬಳಿಕ ಕಡಲಿನಿಂದ ನೆಲದತ್ತ ಜೋರಾಗಿ ಬೀಸುತ್ತದೆ. ಬೆಳಗಿನ ಗಾಳಿ ಕಯಾಕನ್ನು ದಡದಿಂದ ದೂರ ತಳ್ಳಬಹುದು, ಮಧ್ಯಾಹ್ನದ ಗಾಳಿ ದಡದ ಬಳಿ ಅಲೆ ಎಬ್ಬಿಸಿ ಇಳಿಯುವುದನ್ನೇ ಕಷ್ಟವಾಗಿಸಬಹುದು. ಫಜ್ರ್ ನಮಾಝಿನ ಬಳಿಕ ಹೊರಟು, ಬಿಸಿಲೂ ಗಾಳಿಯೂ ಏರುವ ಮೊದಲು ದಡ ಸೇರುವುದು ಜಾಣತನ. ಈ ವಿಷಯದಲ್ಲಿ ಮೊಬೈಲಿನ ಹವಾಮಾನ ವರದಿಯ ಜೊತೆಗೆ ಆಯಾ ಊರಿನ ಮೀನುಗಾರರನ್ನು ಕೇಳಲೇಬೇಕು. ಅಳಿವೆಯ ಬಾಯಲ್ಲಿ ಮರಳದಿಬ್ಬ ಎಲ್ಲಿದೆ, ಕಲ್ಲು ಎಲ್ಲಿದೆ ಎಂಬುದು ಅವರಿಗೆ ಗೊತ್ತು.

ನೀರಿನ ಮೇಲೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ: ಆಕಾಶದಿಂದ ಒಮ್ಮೆ, ನೀರಿನಿಂದ ಪ್ರತಿಫಲಿಸಿ ಇನ್ನೊಮ್ಮೆ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ತೆಳು ಬಟ್ಟೆ, ಒಳ್ಳೆಯ ಗುಣಮಟ್ಟದ ಕಪ್ಪು ಕನ್ನಡಕ ಇವು ಶೋಕಿಯಲ್ಲ. ಬಿಸಿಲು, ಗಾಳಿ, ಉಪ್ಪುನೀರಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಮೀನುಗಾರರ ಕಣ್ಣಿನಲ್ಲಿ ಬೆಳೆಯುವ ಪೊರೆಯನ್ನು ಕರಾವಳಿಯ ವೈದ್ಯರೆಲ್ಲರೂ ನೋಡಿರುತ್ತಾರೆ.

ಆಹಾರ ಮತ್ತು ನೀರು

ನಮ್ಮ ಸೆಕೆಯಲ್ಲಿ ಹುಟ್ಟು ಹಾಕುವವರ ದೇಹದಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಸುಲಭವಾಗಿ ಹೋಗುತ್ತದೆ. ಬಾಯಾರಿದಾಗ ಕುಡಿಯೋಣ ಎಂದು ಕಾದರೆ ತಡವಾಗುತ್ತದೆ. ಬರೇ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯ. ಬೆವರಿನ ಜೊತೆ ಹೋದ ಉಪ್ಪು ಮರಳಿ ಬಾರದೆ ತಲೆ ಸುತ್ತು, ವಾಂತಿ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದರೆ ಸಾಕು.

ಸಮುದ್ರದ ನೀರನ್ನು ಕುಡಿಯಬಾರದು. ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಷ್ಟು ಗಟ್ಟಿಯಾದ ಉಪ್ಪನ್ನು ನಮ್ಮ ಮೂತ್ರಪಿಂಡ ಹೊರಹಾಕಲಾರದು. ಹೊರಹಾಕಲು ದೇಹದಲ್ಲಿರುವ ಸಿಹಿನೀರನ್ನೂ ಖರ್ಚು ಮಾಡುತ್ತದೆ. ಕುಡಿದಷ್ಟೂ ದೇಹ ಒಣಗುತ್ತದೆ. ಫ್ರಾನ್ಸಿನ ಅಲೇನ್ ಬೊಂಬಾರ್ 1952ರಲ್ಲಿ ರಬ್ಬರ್ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ, ಸ್ವಲ್ಪಸ್ವಲ್ಪ ಕಡಲನೀರು ಕುಡಿದು ಬದುಕಬಹುದು ಎಂದು ವಾದಿಸಿದ್ದರು. ಜರ್ಮನಿಯ ವೈದ್ಯ ಹಾನ್ನೆಸ್ ಲಿಂಡೆಮನ್ ಸ್ವತಃ ಕಡಲಿಗಿಳಿದು ಅನುಭವ ಪಡೆದು, ಆ ಮಾತನ್ನು ನಂಬಿದರೆ ಹಡಗು ಮುಳುಗಿ ಸಿಕ್ಕಿಬಿದ್ದವರ ಪ್ರಾಣಕ್ಕೇ ಅಪಾಯ ಎಂದು ಎಚ್ಚರಿಸಿದರು. ಈ ಲಿಂಡೆಮನ್ ಅವರ ಬಗ್ಗೆ ಮುಂದೆ ಇನ್ನೂ ಹೇಳಲಿಕ್ಕಿದೆ.

ಸಾಕಷ್ಟು ನೀರು ಕುಡಿದಿದ್ದೇವೆಯೇ ಎಂದು ತಿಳಿಯಲು ಯಂತ್ರ ಬೇಡ. ಹಕೀಮರು 'ಕಾರೂರಾ' ಎಂದು ಕರೆಯುವ ಮೂತ್ರಪರೀಕ್ಷೆಯಲ್ಲಿ ಬಣ್ಣವೇ ಮೊದಲ ಸೂಚನೆ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಯಾದರೆ ನೀರು ಸಾಲದು. ಕಂದು ಬಣ್ಣಕ್ಕೆ ತಿರುಗಿದರೆ ಆ ದಿನದ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಊಟದ ವಿಷಯದಲ್ಲಿ ನನ್ನ ಸಲಹೆ ಒಂದೇ: ತರಬೇತಿಯಲ್ಲಿ ತಿಂದು ಒಗ್ಗಿದ್ದನ್ನೇ ಯಾನದಲ್ಲಿ ತಿನ್ನಿ. ಖರ್ಜೂರ, ಕಡಲೆಬೀಜ, ಬೆಲ್ಲ, ಅವಲಕ್ಕಿ, ರಾಗಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇವೆಲ್ಲ ನಮ್ಮ ಹೊಟ್ಟೆಗೆ ಪರಿಚಿತ. ಜಾಹೀರಾತಿನ ಹೊಸ ಪುಡಿಯನ್ನು ಮೊದಲ ಬಾರಿ ಕಡಲ ಮಧ್ಯೆ ಪ್ರಯೋಗಿಸಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು ಸಹಜ. ಇಬ್ನ್ ಸೀನಾ ಕೂಡ ಕಡಲ ಪ್ರಯಾಣದ ಆರಂಭದ ವಾಕರಿಕೆ ತಾನಾಗಿ ತಗ್ಗುತ್ತದೆ, ಅದನ್ನು ತಡೆಯಲು ಆತುರಪಡಬೇಕಿಲ್ಲ ಎನ್ನುತ್ತಾರೆ. ಒಂದು ತುಂಡು ಶುಂಠಿ ಬಾಯಲ್ಲಿಟ್ಟುಕೊಂಡರೆ ಹಲವರಿಗೆ ಹಿತವಾಗುತ್ತದೆ. ವಾಂತಿ ನಿಲ್ಲದಿದ್ದರೆ ಮಾತ್ರ ದಡಕ್ಕೆ ಬರಬೇಕು.

ಶ್ರಮ ಮತ್ತು ವಿಶ್ರಾಂತಿ

ಕಯಾಕ್ ಎಂದರೆ ತೋಳಿನ ಕೆಲಸ ಎಂದು ಹಲವರು ತಿಳಿದಿದ್ದಾರೆ. ಬಲ ಬರಬೇಕಾದುದು ಸೊಂಟ ಮತ್ತು ಬೆನ್ನು ತಿರುಗುವುದರಿಂದ, ಕಾಲು ಒತ್ತುವುದರಿಂದ. ತೋಳಿನಿಂದಲೇ ಎಳೆದರೆ ಎರಡನೆಯ ವಾರದಲ್ಲಿ ಭುಜ ಸೋಲುತ್ತದೆ, ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಳ್ಳುತ್ತದೆ. ಆದ್ದರಿಂದ ಆರು ತಿಂಗಳ ಮೊದಲೇ, ಬಲ್ಲವರ ಕೈಕೆಳಗೆ ಸರಿಯಾದ ಕ್ರಮ ಕಲಿಯಬೇಕು. ಮೊದಲ ವಾರಗಳಲ್ಲಿ ಒಂದು ಗಂಟೆ, ಬಳಿಕ ಎರಡು, ನಾಲ್ಕು ಹೀಗೆ ಏರಿಸಬೇಕು. ಕೊನೆಯ ಎರಡು ತಿಂಗಳಲ್ಲಿ ಪೂರ್ತಿ ಸಾಮಾನು ತುಂಬಿಕೊಂಡು ಸತತ ಮೂರು ನಾಲ್ಕು ದಿನ ಹೋಗಿ ನೋಡಬೇಕು. ದೋಣಿ ಮಗುಚಿದರೆ ನೀರಿನಲ್ಲೇ ಮರಳಿ ಏರುವುದನ್ನು ಕೆರೆಯ ತಿಳಿನೀರಿನಲ್ಲಿ ಕಲಿತರೆ ಸಾಲದು, ಅಲೆಯಲ್ಲೂ ಮಾಡಿ ತೋರಿಸಬೇಕು. ಇದು ಬರುವವರೆಗೆ ಒಂಟಿ ಯಾನದ ದಿನಾಂಕ ಘೋಷಿಸಬಾರದು.

ಶ್ರಮ ಅತಿಯಾಯಿತೇ ಎಂಬುದನ್ನು 'ನಬ್ಝ್', ಅಂದರೆ ನಾಡಿ ಹೇಳುತ್ತದೆ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲಿರುವಾಗಲೇ ಒಂದು ನಿಮಿಷದ ನಾಡಿ ಎಣಿಸಿ ಬರೆದಿಡಿ. ಎಂದಿನದಕ್ಕಿಂತ ಎಂಟು ಹತ್ತು ಬಡಿತ ಏರಿದ್ದರೆ ದೇಹ ಇನ್ನೂ ದಣಿವಾರಿಸಿಕೊಂಡಿಲ್ಲ ಅಥವಾ ಜ್ವರ ಒಳಗಿದೆ ಎಂದು ಅರ್ಥ. ಆ ದಿನ ವಿಶ್ರಾಂತಿ. ನಮ್ಮ ಗ್ರಂಥಗಳು 'ದಲ್ಕ್' ಎಂಬ ಅಂಗಮರ್ದನವನ್ನು ವ್ಯಾಯಾಮದ ಮೊದಲು ಒಂದು ಬಗೆ, ನಂತರ ಇನ್ನೊಂದು ಬಗೆ ಎಂದು ವಿಂಗಡಿಸಿವೆ. ಮೊದಲಿನದು ಸ್ನಾಯುವನ್ನು ಎಬ್ಬಿಸಲು, ನಂತರದ್ದು ದಣಿವು ಇಳಿಸಲು. ಸಂಜೆ ಹತ್ತು ನಿಮಿಷ ಎಣ್ಣೆ ಹಚ್ಚಿ ಭುಜ, ಬೆನ್ನು, ತೊಡೆಯ ಹಿಂಭಾಗವನ್ನು ಮೆಲ್ಲಗೆ ನೀವಿಕೊಂಡರೆ ಮರುದಿನ ಹಗುರವೆನಿಸುತ್ತದೆ. ಊದಿಕೊಂಡ ಕೀಲಿನ ಮೇಲೆ ಮಾತ್ರ ಒತ್ತಬಾರದು.

ಪ್ರಾಯ ಅಡ್ಡಿಯೇ ಎಂದು ಕೇಳುವವರಿದ್ದಾರೆ. ಪೋಲೆಂಡಿನ ಅಲೆಕ್ಸಾಂಡರ್ ಡೋಬಾ ತನ್ನ 64ನೆಯ ವಯಸ್ಸಿನಲ್ಲಿ, 2010–11ರಲ್ಲಿ ಸೆನೆಗಲ್‌ನಿಂದ ಬ್ರೆಜಿಲ್‌ಗೆ 99 ದಿನಗಳಲ್ಲಿ ಕಯಾಕ್‌ನಲ್ಲಿ ಅಟ್ಲಾಂಟಿಕ್ ದಾಟಿದರು. 2017ರಲ್ಲಿ ಮೂರನೆಯ ಸಲ ದಾಟುವಾಗ ಅವರಿಗೆ 70 ವರ್ಷ ತುಂಬಿತ್ತು. ಆದರೆ ಅವರು ಮೊದಲ ಸಲ ಸಾಗರಕ್ಕೆ ಇಳಿಯುವ ಮೊದಲು ಸುಮಾರು ಮೂವತ್ತು ವರ್ಷ ನದಿಗಳಲ್ಲಿ, ತೀರಗಳಲ್ಲಿ ಹುಟ್ಟು ಹಾಕಿದ್ದರು ಎಂಬುದನ್ನು ಮರೆಯಬಾರದು. ಪ್ರಾಯಕ್ಕಿಂತ ಅಭ್ಯಾಸ ಮುಖ್ಯ.

ನಿದ್ರೆ ಮತ್ತು ಮನಸ್ಸು

ಡಾ. ಲಿಂಡೆಮನ್ 1956ರಲ್ಲಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪಕ್ಕೆ ಮಡಚುವ ಕಯಾಕ್ ಒಂದರಲ್ಲಿ 72 ದಿನಗಳಲ್ಲಿ ತಲುಪಿದರು. ಕಡಲಪಾಲಾದವರು ಬದುಕುಳಿಯುವುದು ಹೇಗೆ ಎಂದು ತಿಳಿಯುವುದು ಆ ವೈದ್ಯರ ಉದ್ದೇಶವಾಗಿತ್ತು. ಹೊರಡುವ ತಿಂಗಳುಗಳ ಮೊದಲೇ ಅವರು ದೇಹದ ಜೊತೆಗೆ ಮನಸ್ಸನ್ನೂ ಪಳಗಿಸಿದರು. ದೇಹವನ್ನು ಸಡಿಲಗೊಳಿಸಿ, ಚಿಕ್ಕ ಚಿಕ್ಕ ವಾಕ್ಯಗಳನ್ನು ತನಗೆ ತಾನೇ ಪುನಃ ಪುನಃ ಹೇಳಿಕೊಳ್ಳುವ ಅಭ್ಯಾಸ ಅದು. ಯಾನದ ಕೊನೆಯ ಭಾಗದಲ್ಲಿ ಅವರ ದೋಣಿ ಎರಡು ಸಲ ಮಗುಚಿತು. ನಿದ್ರೆಗೆಟ್ಟ ಮನಸ್ಸಿಗೆ ಇಲ್ಲದ ದನಿಗಳು ಕೇಳಿಸಿದವು, ಇಲ್ಲದ ಜನ ಕಾಣಿಸಿದರು. ಆಗ ತನ್ನನ್ನು ಉಳಿಸಿದ್ದು ಮೊದಲೇ ಬೇರೂರಿಸಿಕೊಂಡಿದ್ದ ಆ ವಾಕ್ಯಗಳೇ ಎಂದು ಅವರು ನಂಬಿದ್ದರು. ದಿಕ್ರ್ ಮಾಡಿ ಅಭ್ಯಾಸವಿರುವ ನಮ್ಮ ಮನೆಗಳ ಹಿರಿಯರಿಗೆ ಇದು ಅಚ್ಚರಿ ಎನಿಸಲಾರದು. ಆಪತ್ತು ಬಂದ ಮೇಲೆ ಹುಡುಕುವ ಧೈರ್ಯ ಸಿಗುವುದಿಲ್ಲ, ಮೊದಲೇ ರೂಢಿಯಾದದ್ದು ಮಾತ್ರ ನಾಲಗೆಗೆ ಬರುತ್ತದೆ.

ತೀರದುದ್ದಕ್ಕೆ ಹೋಗುವವರಿಗೆ ರಾತ್ರಿ ದಡದಲ್ಲಿ ಮಲಗುವ ಅನುಕೂಲವಿದೆ. ಆ ಅನುಕೂಲವನ್ನು ಫೋಟೋ ಕಳಿಸುವುದರಲ್ಲಿ, ಸನ್ಮಾನ ಸಭೆಗಳಲ್ಲಿ ಕಳೆಯಬಾರದು. ಏಳೆಂಟು ಗಂಟೆ ನಿದ್ರೆ ಔಷಧದಷ್ಟೇ ಮುಖ್ಯ. ದಾರಿಯ ಊರುಗಳಲ್ಲಿ ಸ್ವಾಗತ ಏರ್ಪಡಿಸುವ ಸಂಘಟಕರಿಗೆ ನನ್ನ ವಿನಂತಿ: ಬಂದವರಿಗೆ ಸಿಹಿನೀರಿನ ಸ್ನಾನ, ಬಿಸಿ ಊಟ, ಬೇಗನೆ ಮಲಗಲು ಒಂದು ಕೋಣೆ ಕೊಡಿ. ಭಾಷಣ ಯಾನ ಮುಗಿದ ಮೇಲೆ ಆಗಲಿ.

ವಿಸರ್ಜನೆ ಮತ್ತು ಶುಚಿತ್ವ

ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ದೋಣಿಯಲ್ಲಿ ಮೂತ್ರಕ್ಕೆ ಕಷ್ಟ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಪರಿಣಾಮ ಮೂತ್ರದ ಉರಿ, ಸೋಂಕು, ಕಲ್ಲು. ಗಂಟೆಗಟ್ಟಲೆ ಕುಳಿತೇ ಇರುವುದು, ನೀರು ಕಡಿಮೆ, ಒಣ ತಿಂಡಿ ಇವು ಸೇರಿ ಮಲಬದ್ಧತೆಯಾಗುತ್ತದೆ, ಹಳೆಯ ಮೂಲವ್ಯಾಧಿ ಕೆರಳುತ್ತದೆ. ಎರಡು ಗಂಟೆಗೊಮ್ಮೆ ದಡಕ್ಕೆ ಬರುವ ಯೋಜನೆ ಮೊದಲೇ ಇರಲಿ. ಆಹಾರದಲ್ಲಿ ಹಣ್ಣು, ನಾರಿನ ಅಂಶ ಇರಲಿ. ಮುಟ್ಟಿನ ದಿನಗಳ ಲೆಕ್ಕವನ್ನೂ ಯೋಜನೆಯಲ್ಲೇ ಸೇರಿಸಲು ನಾಚಿಕೆ ಬೇಡ.

ಉಪ್ಪುನೀರಿನಲ್ಲಿ ನೆನೆದ ಬಟ್ಟೆ ಚರ್ಮವನ್ನು ಉಜ್ಜಿ ಉಜ್ಜಿ ಹುಣ್ಣು ಮಾಡುತ್ತದೆ. ಡೋಬಾ ಅವರಿಗೂ ಉಪ್ಪು ಹಿಡಿದ ಬಟ್ಟೆಯಿಂದ ಮೈಮೇಲೆ ದದ್ದು ಎದ್ದು ಕಾಡಿತ್ತು. ದಿನದ ಕೊನೆಗೆ ಸಿಹಿನೀರಿನಲ್ಲಿ ಮೈ ತೊಳೆದು, ಕಂಕುಳು, ತೊಡೆಸಂದಿ, ಬೆರಳ ಸಂದುಗಳನ್ನು ಚೆನ್ನಾಗಿ ಒಣಗಿಸಬೇಕು. ಉಜ್ಜುವ ಜಾಗಕ್ಕೆ ಬೆಳಗ್ಗೆಯೇ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಅಂಗೈಯ ಬೊಬ್ಬೆಯನ್ನು ಒಡೆಯದೆ ಮುಚ್ಚಿಡಬೇಕು. ಧನುರ್ವಾಯು ಲಸಿಕೆ ಹೊರಡುವ ಮೊದಲೇ ಆಗಿರಲಿ.

ಯಾರ ಬಳಿ ತಪಾಸಣೆ?

ಯುನಾನಿ ಪಥ್ಯ, ದಲ್ಕ್, ನಾಡಿ ಇವುಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹೃದಯದ ತಪಾಸಣೆ, ಇಸಿಜಿ, ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಇವೆಲ್ಲವನ್ನೂ ಆಧುನಿಕ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬೇಕು. ಅಪಸ್ಮಾರ, ಹತೋಟಿಯಲ್ಲಿಲ್ಲದ ಮಧುಮೇಹ, ಹೃದ್ರೋಗ ಇರುವವರು ಒಂಟಿ ಯಾನಕ್ಕೆ ಹೋಗುವುದು ಬೇಡ. ಕಡಲ ಮಧ್ಯೆ ಹಲ್ಲುನೋವು ಕೂಡ ಆಪತ್ತೇ. ನಂಬಿಕೆಯ ಹಕೀಮರು ಲೇಹ್ಯ ಕೊಟ್ಟಿದ್ದಾರೆ, ತಪಾಸಣೆ ಬೇಡ ಎನ್ನುವವರ ಮಾತಿಗೆ ನನ್ನ ಪದ್ಧತಿಯ ಹೆಸರು ಬಳಕೆಯಾಗಬಾರದು.

ಮರಳಿ ಬರುವ ನಿಯಮ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ವಂತಕ್ಕೆ ಹೋದವನಿಗೆ ಹೆದರಿಕೆಯಾದರೆ ಮರಳಿ ಬರುತ್ತಾನೆ. ಯಾರೂ ಕೇಳುವುದಿಲ್ಲ. ಒಂದು ಉದ್ದೇಶದ ಹೆಸರಿನಲ್ಲಿ ಹಣ ಸಂಗ್ರಹಿಸಿ ಹೊರಟವನಿಗೆ ಮರಳುವುದು ಕಷ್ಟ. "ಜನ ಏನೆನ್ನುತ್ತಾರೆ? ಮಕ್ಕಳಿಗೆ ಕೊಟ್ಟ ಮಾತು ಏನಾಯಿತು?" ಎಂಬ ಭಾರ ಅವನನ್ನು ಕೆಟ್ಟ ಹವೆಯಲ್ಲೂ ಮುಂದೆ ತಳ್ಳುತ್ತದೆ. ಸದುದ್ದೇಶದ ಈ ಅಪಾಯವನ್ನು ನಾವು ಗುರುತಿಸುವುದೇ ಇಲ್ಲ.

ಆಸ್ಟ್ರೇಲಿಯಾದ ಆಂಡ್ರ್ಯೂ ಮೆಕಾಲಿ ಅನುಭವಿ ಕಯಾಕ್ ಪಟು. ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡಿಗೆ ಟಾಸ್ಮನ್ ಸಮುದ್ರವನ್ನು ಒಬ್ಬರೇ ದಾಟಲು 2006ರ ಡಿಸೆಂಬರಿನಲ್ಲಿ ಹೊರಟು, ಚಳಿ ತಾಳಲಾರದೆ ಮರಳಿ ಬಂದರು. ಅದು ವಿವೇಕ. 2007ರ ಜನವರಿಯಲ್ಲಿ ಮತ್ತೆ ಹೊರಟರು. ಸುಮಾರು ಒಂದು ತಿಂಗಳು ಸಾಗಿ, ನ್ಯೂಜಿಲೆಂಡಿನ ತೀರ ಹತ್ತಿರವಾದಾಗ ಕಣ್ಮರೆಯಾದರು. ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ಮನೆಯಲ್ಲಿ ಮಡದಿ, ಪುಟ್ಟ ಮಗ ಇದ್ದರು. ಸಿದ್ಧತೆ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಇದನ್ನು ಹೊರಡುವವರೂ ಕಳಿಸಿಕೊಡುವವರೂ ತಿಳಿದಿರಬೇಕು.

ಆದ್ದರಿಂದ ಹೊರಡುವ ಮೊದಲೇ, ಮನಸ್ಸು ತಿಳಿಯಾಗಿರುವಾಗಲೇ, ಮರಳುವ ನಿಯಮವನ್ನು ಕಾಗದದ ಮೇಲೆ ಬರೆದಿಡಬೇಕು. ಗಾಳಿ ಇಷ್ಟು ಮೀರಿದರೆ ಇಳಿಯುವುದಿಲ್ಲ, ಜ್ವರ ಬಂದರೆ ನಿಲ್ಲುತ್ತೇನೆ, ಸಂಜೆ ಇಷ್ಟು ಗಂಟೆಗೆ ಸಂದೇಶ ಬಾರದಿದ್ದರೆ ದಡದವರು ಕರಾವಳಿ ರಕ್ಷಣಾ ಪಡೆಗೆ 1554ಕ್ಕೆ ಕರೆ ಮಾಡುತ್ತಾರೆ. ಆ ಕಾಗದವನ್ನು ಹಣ ಕೊಟ್ಟವರಿಗೂ ತೋರಿಸಬೇಕು. ನಾವು ಕೊಡುವವರೂ ಒಂದು ಮಾತು ಕೊಡಬೇಕು: "ನೀವು ಅರ್ಧಕ್ಕೆ ಮರಳಿದರೂ ನಮ್ಮ ಹಣ ಆ ಮಕ್ಕಳಿಗೇ." ಈ ಒಂದು ಮಾತು ಲೈಫ್ ಜಾಕೆಟ್‌ನಷ್ಟೇ ಪ್ರಾಣ ಕಾಪಾಡಬಲ್ಲದು.

ಹಣದ ವಿಷಯದಲ್ಲೂ ಹಾಗೆಯೇ. ದೋಣಿಯ ಖರ್ಚು ಬೇರೆ, ಸೇವೆಗೆಂದು ಬಂದದ್ದು ಬೇರೆ. ಎರಡಕ್ಕೂ ಬೇರೆ ಬೇರೆ ಲೆಕ್ಕ ಇರಬೇಕು. ಜನರು ಕೊಟ್ಟದ್ದು ಅಮಾನತ್. ಒಳ್ಳೆಯ ಕೆಲಸಕ್ಕೆಂದು ಒಡ್ಡಿದ ದೇಹವೂ ಅಮಾನತ್ ತಾನೇ?

"ಇಷ್ಟೆಲ್ಲ ಕಷ್ಟವೇಕೆ? ದೋಣಿಯ ದುಡ್ಡನ್ನೇ ದಾನ ಮಾಡಬಾರದೇ?" ಎನ್ನುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಣದಿಂದ ಆಗದ ಒಂದು ಕೆಲಸ ಇಂತಹ ಯಾನದಿಂದ ಆಗುತ್ತದೆ. ಆರು ತಿಂಗಳು ಬೆಳಗ್ಗೆ ಎದ್ದು, ಪಥ್ಯ ಪಾಲಿಸಿ, ಹಿತಮಿತವಾಗಿ ಶ್ರಮಿಸಿ ದೇಹವನ್ನು ಕಟ್ಟುವ ಒಬ್ಬ ಯುವಕ ಅಥವಾ ಯುವತಿಯನ್ನು ಊರಿನ ಮಕ್ಕಳು ದಿನವೂ ನೋಡುತ್ತಾರೆ. ಸಕ್ಕರೆ ಕಾಯಿಲೆ, ಬೊಜ್ಜು, ಮೊಬೈಲಿನ ಮುಂದೆ ಕೂರುವ ಚಟ ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಅದೂ ಒಂದು ಸೇವೆ. ಆ ಸಿದ್ಧತೆಯ ದಿನಗಳನ್ನು ಅಡಗಿಸದೆ ಊರಿಗೆ ತೋರಿಸಬೇಕು.

ನಿಮ್ಮ ಮನೆಯ ಮಗನೋ ಮಗಳೋ ಇಂತಹ ಯೋಚನೆ ಮುಂದಿಟ್ಟರೆ ಬೈದು ಬಾಯಿ ಮುಚ್ಚಿಸಬೇಡಿ, ಹೆಮ್ಮೆಯಿಂದ ಕೂಡಲೇ ತಲೆಯಾಡಿಸಲೂ ಬೇಡಿ. ಐದು ಪ್ರಶ್ನೆ ಕೇಳಿ. ವೈದ್ಯಕೀಯ ತಪಾಸಣೆ ಆಯಿತೇ? ಮಗುಚಿದ ದೋಣಿಯನ್ನು ಅಲೆಯಲ್ಲಿ ಏರಿ ತೋರಿಸಿದೆಯಾ? ಸತತ ಎಷ್ಟು ದಿನ, ಪೂರ್ತಿ ಸಾಮಾನಿನೊಂದಿಗೆ ಹೋಗಿ ನೋಡಿದ್ದಿ? ದಡದಲ್ಲಿ ಯಾರಿರುತ್ತಾರೆ, ಅವರ ಕೈಯಲ್ಲಿ ಯಾವ ಫೋನ್ ನಂಬರುಗಳಿವೆ? ಮರಳಿ ಬರುವ ನಿಯಮ ಬರೆದ ಕಾಗದ ಎಲ್ಲಿದೆ? ಐದಕ್ಕೂ ಉತ್ತರ ಸಿಕ್ಕರೆ ಹೆಗಲ ಮೇಲೆ ಕೈಯಿಟ್ಟು ಕಳಿಸಿಕೊಡಿ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಮುಂದಿನ ಚಳಿಗಾಲಕ್ಕೆ ಹೋಗಲಿ. ಅಷ್ಟು ತಿಂಗಳ ಅಭ್ಯಾಸ ಹೆಚ್ಚಾಯಿತು ಎಂದಷ್ಟೇ ಆಗುತ್ತದೆ, ನೆರವಿಗೆ ಕಾದಿರುವ ಮಕ್ಕಳಿಗೂ ಅದರಿಂದ ನಷ್ಟವಿಲ್ಲ.